ಒತ್ತುವ ಗುಂಡಿ, ಬೀಳುವ ಗುಂಡಿ: ಕಾರಿನ ಸಸ್ಪೆನ್ಷನ್ ಮೋಡ್ ಯಾವಾಗ ಬದಲಿಸಬೇಕು?

ಗೆಳೆಯನೊಬ್ಬ ಹೊಸ ಕಾರು ತಗೊಂಡ. ಮೊದಲ ಸವಾರಿಗೆ ನನ್ನನ್ನೂ ಕೂರಿಸಿಕೊಂಡ. ಮುಂದೆ ಅವನ ಹೆಂಡತಿ, ಹಿಂದೆ ನಾನು, ನನ್ನ ಪಕ್ಕದಲ್ಲಿ ಅವರ ಆರು ವರ್ಷದ ಮಗಳು. ಊರು ದಾಟಿದ ಮೇಲೆ "ಈಗ ನೋಡು" ಅಂತ ಗೇರ್ ಲಿವರ್ ಪಕ್ಕದ ಬಟನ್ ಒತ್ತಿದ. ಮೀಟರ್ ಕೆಂಪಾಯಿತು. ಸ್ಪೋರ್ಟ್ ಅಂತ ಅಕ್ಷರ ಮೂಡಿತು. ಇಂಜಿನ್ ಸದ್ದು ಗಡುಸಾಯಿತು. ಅಷ್ಟರಲ್ಲಿ ಪೈಪು ಹಾಕಲು ಅಗೆದು ಮುಚ್ಚಿದ ತೇಪೆಗಳ ಸಾಲು ಬಂತು ನೋಡಿ, ಒಂದೊಂದು ತೇಪೆಗೂ ಯಾರೋ ಸೀಟಿನ ಕೆಳಗೆ ಕೂತು ಒದ್ದ ಹಾಗೆ. ಮೂರನೆಯದಕ್ಕೆ ನನ್ನ ಫೋನ್ ಕೈಯಿಂದ ಜಾರಿ ಸೀಟಿನ ಸಂದಿಗೆ ಹೋಯಿತು. ಐದನೆಯದಕ್ಕೆ ಹುಡುಗಿ "ಅಪ್ಪಾ, ಕಾರು ಯಾಕೆ ಹೊಡೀತಿದೆ?" ಅಂದಳು.

"ಗಟ್ಟಿ ಇದೆ ಅಲ್ವಾ? ರಸ್ತೆಗೆ ಅಂಟಿಕೊಂಡ ಹಾಗೆ ಹೋಗ್ತಿದೆ" ಅಂದ ಗೆಳೆಯ.

ಅಂಟಿಕೊಂಡಿರಲಿಲ್ಲ. ಆ ತೇಪೆಗಳ ಮೇಲೆ ಸ್ಪೋರ್ಟ್ ಮೋಡಿನಲ್ಲಿದ್ದ ಆ ಕಾರಿನ ಹಿಡಿತ ಕಂಫರ್ಟ್ ಮೋಡಿನಲ್ಲಿ ಇರುತ್ತಿದ್ದುದಕ್ಕಿಂತ ಕಡಿಮೆಯೇ ಇತ್ತು. ಚಕ್ರ ಪ್ರತಿ ತೇಪೆಗೂ ಚಿಮ್ಮಿ ಒಂದು ಗಳಿಗೆ ಹಗುರಾಗುತ್ತಿತ್ತು, ಮತ್ತೆ ಕೂರುತ್ತಿತ್ತು. ಮೈಗೆ ಬಿಗಿ ಅನ್ನಿಸಿದ್ದನ್ನು ಗೆಳೆಯ ಹಿಡಿತ ಅಂದುಕೊಂಡಿದ್ದ. ಈ ತಪ್ಪನ್ನು ಅವನೊಬ್ಬನೇ ಮಾಡುವುದಿಲ್ಲ. ಬಟನ್‌ಗೆ ಆ ಹೆಸರಿಟ್ಟವರೇ ನಮ್ಮನ್ನು ಆ ಕಡೆ ತಳ್ಳಿದ್ದಾರೆ. ಮುಂಚೆ ದುಬಾರಿ ಕಾರುಗಳಲ್ಲಿ ಮಾತ್ರ ಇದ್ದ, ಬಟನ್ ಒತ್ತಿ ಸಸ್ಪೆನ್ಷನ್ ಬಿಗಿ ಸಡಿಲ ಮಾಡುವ ಈ ಸೌಲಭ್ಯ ಈಗ ಮಧ್ಯಮ ದರ್ಜೆಯ ಕಾರುಗಳಿಗೂ ಬಂದಿದೆ. ಆದ್ದರಿಂದ ಅದು ಒಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ಬಿಚ್ಚಿ ನೋಡುವುದು ಒಳ್ಳೆಯದು. ಅಂದಹಾಗೆ ಕನ್ನಡದಲ್ಲಿ ಒತ್ತುವುದಕ್ಕೂ ಗುಂಡಿ ಅಂತೀವಿ, ಚಕ್ರ ಬೀಳುವುದಕ್ಕೂ ಗುಂಡಿ ಅಂತೀವಿ. ಗೊಂದಲ ಬೇಡ ಅಂತ ಇಲ್ಲಿಂದ ಮುಂದೆ ಒತ್ತುವುದನ್ನು ಬಟನ್ ಅಂತಲೇ ಕರೆಯುತ್ತೇನೆ.

ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸಸ್ಪೆನ್ಷನ್‌ನಲ್ಲಿ ಮುಖ್ಯವಾದವು ಎರಡು. ಒಂದು ಸ್ಪ್ರಿಂಗ್. ಅದು ಕಾರಿನ ಭಾರ ಹೊರುತ್ತದೆ, ಹಂಪ್ ಬಂದಾಗ ಮಡಚಿಕೊಳ್ಳುತ್ತದೆ. ಇನ್ನೊಂದು ಡ್ಯಾಂಪರ್, ನಾವೆಲ್ಲ ಶಾಕ್ ಅಬ್ಸಾರ್ಬರ್ ಅಂತ ಕರೆಯುವುದು. ಹೆಸರು ನೋಡಿದರೆ ಏಟನ್ನು ನುಂಗುವುದು ಇದೇ ಅನ್ನಿಸುತ್ತದೆ. ಆದರೆ ಏಟು ನುಂಗುವುದು ಸ್ಪ್ರಿಂಗ್. ನುಂಗಿದ ಮೇಲೆ ಅದು ಸುಮ್ಮನಿರುವುದಿಲ್ಲ, ಮತ್ತೆ ಮತ್ತೆ ಕುಣಿಯುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಡ್ಯಾಂಪರ್ ಕೆಲಸ. ಒಳಗೆ ಎಣ್ಣೆ ಇರುತ್ತದೆ, ಪಿಸ್ಟನ್ ಇರುತ್ತದೆ. ಪಿಸ್ಟನ್ ಓಡಾಡಬೇಕೆಂದರೆ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಸುಳಬೇಕು. ನುಸುಳುವಾಗ ಚಲನೆಯ ಶಕ್ತಿ ಬಿಸಿಯಾಗಿ ಹೋಗುತ್ತದೆ.

ಆಫೀಸುಗಳಲ್ಲಿ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಅಂತ ಮೇಲೆ ಒಂದು ಡೋರ್ ಕ್ಲೋಸರ್ ಹಾಕಿರುತ್ತಾರೆ, ನೋಡಿದ್ದೀರಲ್ಲ? ಅದರೊಳಗೂ ಒಂದು ಸ್ಪ್ರಿಂಗ್ ಮತ್ತು ಎಣ್ಣೆ ಇರುತ್ತವೆ. ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ. ಸ್ಕ್ರೂ ಸಡಿಲ ಮಾಡಿದರೆ ಬಾಗಿಲು ಧಡಾರ್ ಅಂತ ಮುಚ್ಚುತ್ತದೆ, ಬಿಗಿ ಮಾಡಿದರೆ ಆಮೆಯ ಹಾಗೆ. ಮಾಮೂಲಿ ಕಾರಿನಲ್ಲಿ ಆ ಸ್ಕ್ರೂ ಎಷ್ಟು ತಿರುಗಿರಬೇಕು ಅಂತ ಫ್ಯಾಕ್ಟರಿಯಲ್ಲೇ ತೀರ್ಮಾನವಾಗಿ ಹೋಗಿರುತ್ತದೆ. ಎಲೆಕ್ಟ್ರಾನಿಕ್ ಡ್ಯಾಂಪರ್‌ನಲ್ಲಿ ಆ ಸ್ಕ್ರೂ ಹತ್ತಿರ ಯಾರೋ ಸದಾ ಕೂತಿರುತ್ತಾರೆ, ಸೆಕೆಂಡಿಗೆ ನೂರಾರು ಸಲ ಅದನ್ನು ತಿರುಗಿಸುತ್ತಿರುತ್ತಾರೆ ಅಂದುಕೊಳ್ಳಿ. ಕೂತಿರುವುದು ಕಂಪ್ಯೂಟರ್. ಚಕ್ರ ಎಷ್ಟು ಮೇಲೆ ಹೋಯಿತು, ಕಾರಿನ ಮೈ ಎಷ್ಟು ಕುಲುಕಿತು, ಸ್ಟಿಯರಿಂಗ್ ಎಷ್ಟು ತಿರುಗಿತು, ಬ್ರೇಕ್ ಬಿತ್ತಾ ಅಂತ ಸೆನ್ಸರ್‌ಗಳು ಅದಕ್ಕೆ ವರದಿ ಕೊಡುತ್ತಲೇ ಇರುತ್ತವೆ.

ಎಣ್ಣೆಯ ಕಿಂಡಿಯನ್ನೇ ದೊಡ್ಡದು ಚಿಕ್ಕದು ಮಾಡುವುದು ಒಂದು ದಾರಿ. ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ: ಕಿಂಡಿ ಇದ್ದ ಹಾಗೇ ಇರುತ್ತದೆ, ಎಣ್ಣೆಯೇ ಗಟ್ಟಿಯಾಗುತ್ತದೆ! ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಬೆರೆಸಿರುತ್ತಾರೆ. ಪಿಸ್ಟನ್‌ನಲ್ಲಿರುವ ಕಾಯಿಲ್‌ಗೆ ಕರೆಂಟ್ ಹರಿಸಿದರೆ ಅದು ಅಯಸ್ಕಾಂತ ಆಗುತ್ತದೆ, ಪುಡಿಯೆಲ್ಲ ಸರಪಳಿಯ ಹಾಗೆ ಸಾಲುಗಟ್ಟುತ್ತದೆ, ಎಣ್ಣೆ ಕೆಲವೇ ಮಿಲಿಸೆಕೆಂಡಿನಲ್ಲಿ ಮಂದವಾಗುತ್ತದೆ. ಕರೆಂಟ್ ನಿಲ್ಲಿಸಿದರೆ ಮತ್ತೆ ತೆಳ್ಳಗೆ. ಮ್ಯಾಗ್ನೆರೈಡ್ ಎಂಬ ಹೆಸರಿನಲ್ಲಿ ಇದು 2002ರಲ್ಲಿ ಮೊದಲು ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಕಾರಿಗೆ ಬಂತು. ಆಮೇಲೆ ಕಾರ್ವೆಟ್, ಆಡಿ, ಫೆರಾರಿ ಎಲ್ಲರೂ ತಗೊಂಡರು.

ಇಷ್ಟೆಲ್ಲ ಯಾಕೆ ಬೇಕು? ಒಂದೇ ಮಟ್ಟಕ್ಕೆ ಬಿಗಿ ಮಾಡಿಟ್ಟರೆ ಆಗೋದಿಲ್ಲವಾ? ಆಗೋದಿಲ್ಲ. ವಿಷಯದ ತಿರುಳು ಇರುವುದೇ ಇಲ್ಲಿ.

ಕಾರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕುಣಿಯುತ್ತವೆ. ಒಂದು, ನಾವು ಕೂತಿರುವ ಭಾರದ ಮೈ. ಅದು ನಿಧಾನಕ್ಕೆ ತೂಗುತ್ತದೆ, ಸೆಕೆಂಡಿಗೆ ಒಂದು, ಒಂದೂವರೆ ಸಲ. ಇನ್ನೊಂದು, ಹಗುರವಾದ ಚಕ್ರ. ಅದು ಸೆಕೆಂಡಿಗೆ 10ರಿಂದ 15 ಸಲ ಎಗರುತ್ತದೆ. ಮೈ ತೂಗಾಡುವಾಗ ಅದನ್ನು ತಡೆಯಲು ಡ್ಯಾಂಪರ್ ಬಿಗಿಯಾಗಿರಬೇಕು. ಚಕ್ರ ಸಣ್ಣ ಉಬ್ಬು ತಗ್ಗಿನ ಮೇಲೆ ಓಡುವಾಗ ಡ್ಯಾಂಪರ್ ಸಡಿಲವಾಗಿರಬೇಕು, ಇಲ್ಲದಿದ್ದರೆ ಚಕ್ರ ಪಟಪಟನೆ ಮೇಲೆ ಕೆಳಗೆ ಹೋಗಲಾರದು, ತನ್ನ ಜೊತೆ ಇಡೀ ಕಾರನ್ನೇ ಎತ್ತಿ ಕುಕ್ಕುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಮಾಮೂಲಿ ಡ್ಯಾಂಪರ್ ಮಾಡುವ ಇಂಜಿನಿಯರ್ ಈ ಇಬ್ಬರ ನಡುವೆ ರಾಜಿ ಮಾಡಿಸಿ ಕೈತೊಳೆದುಕೊಳ್ಳುತ್ತಾನೆ.

ಇದನ್ನು ರಸ್ತೆಯ ಲೆಕ್ಕಕ್ಕೆ ಇಳಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಂಬಗಳ ಮೇಲೆ ಕಟ್ಟಿದ ಉದ್ದದ ಸೇತುವೆ ರಸ್ತೆಯಲ್ಲಿ 25 ಮೀಟರಿಗೊಂದು ಜೋಡಣೆ ಇದೆ, ಎರಡರ ಮಧ್ಯೆ ರಸ್ತೆ ತುಸು ತಗ್ಗಿದೆ ಅಂದುಕೊಳ್ಳಿ. ಆಗ ಕಾರಿಗೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ ಮೆಲ್ಲನೆ ತಳ್ಳಿದ ಹಾಗಾಗುತ್ತದೆ. ಅದು ಹೆಚ್ಚುಕಡಿಮೆ ಕಾರಿನ ಮೈ ತಾನಾಗಿ ತೂಗುವ ಲಯವೇ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಕಾರು ತೇಲಾಡಲು ಶುರು ಮಾಡುತ್ತದೆ. ಇಲ್ಲಿ ಬಿಗಿ ಮಾಡಿದರೆ ನಿಜವಾಗಿಯೂ ಹಿತ. ಅದೇ ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದೂವರೆ ಮೀಟರಿಗೊಂದು ತೇಪೆ ಇರುವ ರಸ್ತೆ ತಗೊಳ್ಳಿ. ಸೆಕೆಂಡಿಗೆ 11 ಏಟು. ಇದು ಚಕ್ರ ಎಗರುವ ಲಯ. ಇಲ್ಲಿ ಬಿಗಿ ಮಾಡಿದರೆ ಗೆಳೆಯನ ಕಾರಿನ ಹಿಂದಿನ ಸೀಟಿನ ಕಥೆಯೇ ಆಗುತ್ತದೆ.

ಅಂದರೆ ಉದ್ದದ ಅಲೆಗೆ ಬಿಗಿ, ಗಿಡ್ಡ ಕುಲುಕಿಗೆ ಸಡಿಲ. ಇದೊಂದು ತಲೆಯಲ್ಲಿದ್ದರೆ ಮೋಡ್‌ಗಳ ಹೆಸರನ್ನೇ ಮರೆತುಬಿಡಬಹುದು. ನೀವು ಎಷ್ಟು ಜೋರಾಗಿ ಓಡಿಸಬೇಕು ಅಂತಿದ್ದೀರಿ ಅನ್ನುವುದಕ್ಕಿಂತ ಕೆಳಗಿರುವ ರಸ್ತೆ ಎಂಥದ್ದು ಅನ್ನುವುದು ಮುಖ್ಯ. ಬಟನ್ ಮೇಲೆ ಸ್ಪೋರ್ಟ್, ಕಂಫರ್ಟ್ ಅಂತ ಬರೆಯುವ ಬದಲು ನುಣುಪು ರಸ್ತೆ, ಒರಟು ರಸ್ತೆ ಅಂತ ಬರೆದಿದ್ದರೆ ಅರ್ಧ ಜನ ಸರಿಯಾಗಿ ಬಳಸುತ್ತಿದ್ದರು ಅಂತ ನನ್ನ ನಂಬಿಕೆ. ಆದರೆ ಒರಟು ರಸ್ತೆ ಅಂತ ಬರೆದರೆ ಕಾರು ಮಾರಾಟವಾಗುತ್ತದಾ ಹೇಳಿ!

ಹಿಡಿತದ ಮಾತಿಗೆ ಬರೋಣ. ಟೈರಿನ ಹಿಡಿತ ನಿಂತಿರುವುದು ಅದು ರಸ್ತೆಯನ್ನು ಎಷ್ಟು ಒತ್ತುತ್ತಿದೆ ಅನ್ನುವುದರ ಮೇಲೆ. ಒತ್ತಡ ಒಂದೇ ಸಮ ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಒಂದು ಕ್ಷಣ ಜಾಸ್ತಿ, ಮುಂದಿನ ಕ್ಷಣ ಕಡಿಮೆ ಆಗುತ್ತಿದ್ದರೆ ಒಟ್ಟಾರೆ ಹಿಡಿತ ಇಳಿಯುತ್ತದೆ, ಹಗುರಾದ ಕ್ಷಣದಲ್ಲಿ ಕಳೆದುಕೊಂಡದ್ದನ್ನು ಭಾರ ಬಿದ್ದ ಕ್ಷಣದಲ್ಲಿ ಪೂರ್ತಿ ವಾಪಸ್ ಪಡೆಯಲು ಆಗುವುದಿಲ್ಲ. ಒರಟು ರಸ್ತೆಯ ತಿರುವಿನಲ್ಲಿ ಸ್ಪೋರ್ಟ್ ಮೋಡ್ ಹಾಕಿದ ಕಾರು ಪಕ್ಕಕ್ಕೆ ಚಟಪಟ ಅಂತ ಜರುಗುತ್ತದಲ್ಲ, ಅದು ಇದೇ. ಓಡಿಸುವವರಿಗೆ ಅದು ರೋಮಾಂಚನ ಅನ್ನಿಸಬಹುದು, ಟೈರಿಗೆ ಅದು ಪರದಾಟ.

ಹಾಗಂತ ಡ್ಯಾಂಪರ್ ಸಡಿಲವಾದಷ್ಟೂ ಒಳ್ಳೆಯದು ಅಂತಲ್ಲ. ತೀರಾ ಸಡಿಲವಾದರೂ ಚಕ್ರ ತಡೆಯಿಲ್ಲದೆ ಎಗರಾಡುತ್ತದೆ, ಸವೆದು ಹೋದ ಹಳೆಯ ಶಾಕ್ ಅಬ್ಸಾರ್ಬರ್ ಇರುವ ಕಾರು ಓಡಿಸಿದವರಿಗೆ ಗೊತ್ತು. ಆದರೆ ಕಾರು ತಯಾರಕರು ಕಂಫರ್ಟ್ ಮೋಡನ್ನು ಅಷ್ಟು ಸಡಿಲಕ್ಕೆ ಬಿಟ್ಟಿರುವುದಿಲ್ಲ.

ವೇಗದ ಕಾರುಗಳನ್ನು ಮಾಡುವವರಿಗೇ ಈ ವಿಷಯ ಚೆನ್ನಾಗಿ ಗೊತ್ತು. ಎಷ್ಟೋ ಫೆರಾರಿ ಕಾರುಗಳ ಸ್ಟಿಯರಿಂಗ್ ಮೇಲೆ ಒಂದು ಪುಟ್ಟ ಬಟನ್ ಇದೆ, ಡ್ಯಾಂಪರ್ ಚಿತ್ರ ಇರುವಂಥದ್ದು. ಅದನ್ನು ಬಂಪಿ ರೋಡ್ ಬಟನ್ ಅಂತಾರೆ. ಇಂಜಿನ್, ಗೇರ್ ಎಲ್ಲ ರೇಸ್ ಮಟ್ಟದಲ್ಲೇ ಇರಲಿ, ಡ್ಯಾಂಪರ್ ಮಾತ್ರ ಮೆತ್ತಗಾಗಲಿ ಅನ್ನುವುದಕ್ಕೆ ಅದು. ಫೆರಾರಿ ಓಡಿಸುವವರಿಗೇ ಅದು ಬೇಕಾಯಿತು ಅಂದರೆ ಮಿಕ್ಕವರ ಪಾಡು ಏನು! ಹೊಂಡಾ ಸಿವಿಕ್ ಟೈಪ್ ಆರ್ ಕಥೆಯೂ ಹೀಗೇ. 2015ರ ಮಾದರಿಯಲ್ಲಿ +ಆರ್ ಬಟನ್ ಒತ್ತಿದರೆ ಡ್ಯಾಂಪರ್ ಶೇಕಡಾ 30ರಷ್ಟು ಬಿಗಿಯಾಗುತ್ತಿತ್ತು. ಅದರ ನಂತರದ ಮಾದರಿಗೆ ಕಂಫರ್ಟ್ ಮೋಡ್ ಸೇರಿಸಿದರು. ಆದರೂ ಮೂರು ಮೋಡ್‌ಗಳು ಮೂರು ಮೂಟೆಗಳಾಗಿಯೇ ಉಳಿದವು, ಒಳಗಿನದನ್ನು ಬೇರೆ ಮಾಡುವ ಹಾಗಿರಲಿಲ್ಲ. ಅದಾದ ಮೇಲಿನ ಮಾದರಿಯಲ್ಲಿ ಇಂಡಿವಿಜುವಲ್ ಮೋಡ್ ಬಂತು, ಇಂಜಿನ್‌ಗೆ ಒಂದು, ಡ್ಯಾಂಪರ್‌ಗೆ ಒಂದು ಅಂತ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು.

ಈ ಮೂಟೆ ಕಟ್ಟುವ ಅಭ್ಯಾಸವೇ ದೊಡ್ಡ ತಲೆನೋವು. ಸ್ಪೋರ್ಟ್ ಬಟನ್ ಒತ್ತಿದರೆ ಸಾಮಾನ್ಯವಾಗಿ ಐದಾರು ಸಂಗತಿ ಒಟ್ಟಿಗೆ ಬದಲಾಗುತ್ತವೆ. ಆಕ್ಸಿಲರೇಟರ್ ಚುರುಕಾಗುತ್ತದೆ, ಗೇರ್ ತಡವಾಗಿ ಬೀಳುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಸದ್ದು ಏರುತ್ತದೆ, ಡ್ಯಾಂಪರ್ ಬಿಗಿಯಾಗುತ್ತದೆ. ಇದರಲ್ಲಿ ನಮಗೆ ಇಷ್ಟವಾಗಿದ್ದು ಯಾವುದು? ಬಹಳ ಸಲ ಆಕ್ಸಿಲರೇಟರ್ ಚುರುಕಾಗಿದ್ದಷ್ಟೇ. ಆ ಖುಷಿಗೆ ಡ್ಯಾಂಪರ್‌ನ ಕುಲುಕಾಟವನ್ನೂ ಸಹಿಸಿಕೊಳ್ಳುತ್ತೇವೆ, ಅದೂ ಚೆನ್ನಾಗಿಯೇ ಇದೆ ಅಂತ ನಮಗೆ ನಾವೇ ಹೇಳಿಕೊಳ್ಳುತ್ತೇವೆ. ನಿಮ್ಮ ಕಾರಿನಲ್ಲಿ ಇಂಡಿವಿಜುವಲ್ ಅಥವಾ ಕಸ್ಟಮ್ ಅಂತ ಇದ್ದರೆ ಒಮ್ಮೆ ಹತ್ತು ನಿಮಿಷ ಕೂತು ಅದನ್ನು ಹೊಂದಿಸಿ. ಇಡೀ ಮೋಡ್ ವ್ಯವಸ್ಥೆಯಲ್ಲಿ ಅತಿ ಉಪಯುಕ್ತ ಭಾಗ ಅದೇ, ಅತಿ ಕಡಿಮೆ ಜನ ಮುಟ್ಟುವುದೂ ಅದನ್ನೇ. ಫೋಕ್ಸ್‌ವ್ಯಾಗನ್ ಗಾಲ್ಫ್‌ನಲ್ಲಂತೂ ಡ್ಯಾಂಪರ್‌ಗೇ ಪ್ರತ್ಯೇಕವಾಗಿ ಪರದೆಯ ಮೇಲೆ ಒಂದು ಜಾರುಪಟ್ಟಿ ಕೊಟ್ಟಿದ್ದಾರೆ. ಕಂಫರ್ಟ್‌ಗಿಂತ ಇನ್ನೂ ಮೆತ್ತಗೆ, ಸ್ಪೋರ್ಟ್‌ಗಿಂತ ಇನ್ನೂ ಬಿಗಿಗೆ ಎಳೆಯಬಹುದು.

ಇನ್ನೊಂದು ತಪ್ಪು ಕಲ್ಪನೆ: ಸ್ಪೋರ್ಟ್ ಹಾಕಿದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ ಅನ್ನುವುದು. ಅರ್ಧ ನಿಜ. ಹೆದ್ದಾರಿಯಿಂದ ಇಳಿಯುವ ದುಂಡನೆ ರ‍್ಯಾಂಪ್‌ನಲ್ಲಿ ಒಂದೇ ವೇಗದಲ್ಲಿ, ಸ್ಟಿಯರಿಂಗ್ ಒಂದೇ ಕಡೆ ಹಿಡಿದು ಸುತ್ತುತ್ತಿದ್ದೀರಿ ಅಂದುಕೊಳ್ಳಿ. ಕಾರು ಎಷ್ಟು ವಾಲಬೇಕೋ ಅಷ್ಟು ವಾಲಿ ನಿಂತಿರುತ್ತದೆ. ಆ ವಾಲುವಿಕೆಯನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಎರಡು ಬದಿಯ ಚಕ್ರಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್. ಡ್ಯಾಂಪರ್ ಕೆಲಸ ಮಾಡುವುದು ಅದು ಓಡಾಡುತ್ತಿರುವಾಗ ಮಾತ್ರ. ವಾಲಿ ನಿಂತ ಕಾರಿನಲ್ಲಿ ಅದು ಓಡಾಡುತ್ತಿಲ್ಲ, ಆದ್ದರಿಂದ ಅದಕ್ಕೆ ಅಲ್ಲಿ ಏನೂ ಹೇಳಲಿಕ್ಕಿಲ್ಲ. ಡ್ಯಾಂಪರ್ ಮಾತ್ರ ಬದಲಾಗುವ ಕಾರಾದರೆ ಆ ರ‍್ಯಾಂಪ್‌ನಲ್ಲಿ ಕಂಫರ್ಟ್ ಹಾಕಿದರೂ ಅಷ್ಟೇ ವಾಲುತ್ತದೆ, ಸ್ಪೋರ್ಟ್ ಹಾಕಿದರೂ ಅಷ್ಟೇ.

ವ್ಯತ್ಯಾಸ ಕಾಣುವುದು ಎಡಕ್ಕೆ ಬಲಕ್ಕೆ ತಕ್ಷಣ ತಿರುಗಿಸಿದಾಗ. ಮುಂದೆ ಏನೋ ಅಡ್ಡ ಬಂತು, ಪಕ್ಕದ ಲೇನ್‌ಗೆ ಎಳೆದಿರಿ, ಮತ್ತೆ ವಾಪಸ್ ತಂದಿರಿ. ಸಡಿಲ ಡ್ಯಾಂಪರ್ ಆದರೆ ಮೈ ಒಂದು ಕಡೆ ವಾಲಿ ಮುಗಿಸುವಷ್ಟರಲ್ಲಿ ಚಕ್ರ ಇನ್ನೊಂದು ಕಡೆ ಹೊರಟಿರುತ್ತದೆ, ಕಾರು ಜೋಲಿ ಹೊಡೆಯುತ್ತದೆ. ಬಿಗಿಯಾಗಿದ್ದರೆ ಮೈ ಬೇಗ ಹೇಳಿದ ಮಾತು ಕೇಳುತ್ತದೆ. ಆದರೆ ಇಂಥ ಹೊತ್ತಿನಲ್ಲಿ ಬಟನ್ ಹುಡುಕಿ ಒತ್ತುವ ಪುರುಸೊತ್ತು ಯಾರಿಗಿದೆ? ಅದಕ್ಕೇ ಒಳ್ಳೆಯ ವ್ಯವಸ್ಥೆಗಳು ಕಂಫರ್ಟ್ ಮೋಡಿನಲ್ಲಿದ್ದರೂ ಸ್ಟಿಯರಿಂಗ್ ಜೋರಾಗಿ ತಿರುಗಿದ್ದು ಕಂಡ ಕೂಡಲೇ ತಾವೇ ಬಿಗಿಯಾಗುತ್ತವೆ. ಮೋಡ್ ಅನ್ನುವುದು ಬೀಗ ಹಾಕಿದ ಸ್ಥಿತಿ ಅಲ್ಲ. ಎಷ್ಟು ಬೇಗ ಬಿಗಿಯಾಗಬೇಕು, ಎಷ್ಟರವರೆಗೆ ಸಡಿಲ ಇರಬಹುದು ಅಂತ ಕಂಪ್ಯೂಟರ್‌ಗೆ ಕೊಟ್ಟ ಸೂಚನೆ ಅಷ್ಟೇ.

ಈ ಯೋಚನೆ ಹೊಸತೇನಲ್ಲ. ಸಿಟ್ರೊಯೆನ್ 1955ರಲ್ಲೇ ಡಿಎಸ್ ಕಾರಿನಲ್ಲಿ ಲೋಹದ ಸ್ಪ್ರಿಂಗ್ ಬದಲು ಎಣ್ಣೆ ಮತ್ತು ಗ್ಯಾಸ್ ಇಟ್ಟಿತ್ತು. 1983ರಲ್ಲಿ ಟೊಯೋಟಾ ಸೋರರ್ ಕಾರಿಗೆ ಎಲೆಕ್ಟ್ರಾನಿಕ್ ಆಗಿ ಬದಲಾಗುವ ಡ್ಯಾಂಪರ್ ಬಂತು, ಮೋಡ್ ಆರಿಸುವ ಸ್ವಿಚ್ ಸಮೇತ. 1989ರ ಸಿಟ್ರೊಯೆನ್ ಎಕ್ಸ್‌ಎಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಹೈಡ್ರಾಕ್ಟಿವ್ ವ್ಯವಸ್ಥೆ ಸ್ಟಿಯರಿಂಗ್, ಆಕ್ಸಿಲರೇಟರ್, ಬ್ರೇಕ್, ಮೈಯ ಚಲನೆ ಎಲ್ಲವನ್ನೂ ಗಮನಿಸುತ್ತಾ ಸಾಮಾನ್ಯವಾಗಿ ಮೆತ್ತಗೆ ಇರುತ್ತಿತ್ತು, ಬೇಕಾದಾಗ ತಾನೇ ಬಿಗಿಯಾಗುತ್ತಿತ್ತು. ಲೆಕ್ಕಾಚಾರದ ಕಡೆಯಿಂದ ನೋಡಿದರೆ 1974ರಲ್ಲಿ ಅಮೆರಿಕದ ಇಂಜಿನಿಯರ್ ಡೀನ್ ಕಾರ್ನಾಪ್ ಮತ್ತು ಜೊತೆಗಾರರು ಸ್ಕೈಹುಕ್ ಎಂಬ ವಿಚಾರ ಮುಂದಿಟ್ಟರು. ಕಾರಿನ ಮೈಯನ್ನು ಆಕಾಶದಿಂದ ಒಂದು ಕೊಕ್ಕೆಗೆ ತೂಗುಹಾಕಿ ಹಿಡಿದ ಹಾಗೆ ಡ್ಯಾಂಪರ್ ವರ್ತಿಸಬೇಕು, ಕೆಳಗೆ ಚಕ್ರ ಏನಾದರೂ ಮಾಡಿಕೊಳ್ಳಲಿ ಅನ್ನುವುದು ಅದರ ಸಾರ. ಇವತ್ತಿನ ಬಹಳಷ್ಟು ಕಾರುಗಳ ಕಂಪ್ಯೂಟರ್ ಒಳಗೆ ಇದೇ ವಿಚಾರದ ಮೊಮ್ಮಕ್ಕಳು ಓಡುತ್ತಿವೆ.

ಗಮನಿಸಿ, ಇವುಗಳಲ್ಲಿ ಹೆಚ್ಚಿನವುಗಳ ಗುರಿ ಓಡಿಸುವವರು ಆರಿಸುವ ಕಷ್ಟವನ್ನೇ ತಪ್ಪಿಸುವುದಾಗಿತ್ತು. ಆದರೂ ಬಟನ್ ಹೋಗಲಿಲ್ಲ, ಬದಲಿಗೆ ಸಂಖ್ಯೆ ಜಾಸ್ತಿಯಾಯಿತು. ಕಾರಣ ನನಗನ್ನಿಸುವುದು ಇಷ್ಟು: ತಾನಾಗಿ ಚೆನ್ನಾಗಿ ಕೆಲಸ ಮಾಡುವ ಸಸ್ಪೆನ್ಷನ್ ಕಣ್ಣಿಗೆ ಕಾಣುವುದಿಲ್ಲ. ಶೋರೂಮಿನಲ್ಲಿ ತೋರಿಸಲು ಏನಾದರೂ ಬೇಕಲ್ಲ? ಬಟನ್ ಒತ್ತಿದರೆ ಮೀಟರ್ ಕೆಂಪಾಗುತ್ತದೆ, ಕಾರು ಗಡುಸಾಗುತ್ತದೆ, ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸುತ್ತದೆ.

ಗುಂಡಿಯ ವಿಷಯದಲ್ಲಂತೂ ನಮ್ಮ ಅಂದಾಜು ಪೂರ್ತಿ ತಲೆಕೆಳಗಾಗುತ್ತದೆ. ಆಳದ ಗುಂಡಿ ಬಂದರೆ ಸಡಿಲ ಇರಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಸಡಿಲ ಇದ್ದರೆ ಚಕ್ರ ಗುಂಡಿಯೊಳಗೆ ಬೇಗ ಇಳಿಯುತ್ತದೆ, ಆಚೆ ಅಂಚಿಗೆ ಜೋರಾಗಿ ಬಡಿಯುತ್ತದೆ. ಫೋರ್ಡ್ 2017ರ ಫ್ಯೂಷನ್ ವಿ6 ಸ್ಪೋರ್ಟ್ ಕಾರಿನಲ್ಲಿ ಇದಕ್ಕೊಂದು ಉಪಾಯ ಮಾಡಿತು. ಚಕ್ರ ಗುಂಡಿಯ ಅಂಚಿನಿಂದ ಕೆಳಗೆ ಜಾರಲು ಶುರುವಾದ ಕೂಡಲೇ ಡ್ಯಾಂಪರ್ ಬಿಗಿಯಾಗುತ್ತದೆ. ಚಕ್ರ ಪೂರ್ತಿ ಇಳಿಯುವುದಿಲ್ಲ, ಗುಂಡಿಯ ಮೇಲೆ ಹೆಚ್ಚುಕಡಿಮೆ ತೇಲಿಕೊಂಡು ಆಚೆ ಹೋಗುತ್ತದೆ. ಮುಂದಿನ ಚಕ್ರದ ಅನುಭವ ಹಿಂದಿನ ಚಕ್ರಕ್ಕೂ ಸುದ್ದಿ ಮುಟ್ಟಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 60 ಸೆಂಟಿಮೀಟರ್ ಗುಂಡಿ ದಾಟಲು ಬೇಕಾಗುವುದು ಸುಮಾರು 36 ಮಿಲಿಸೆಕೆಂಡ್. ಕಣ್ಣು ಮಿಟುಕಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಬೆರಳಿನಿಂದ ಇಲ್ಲಿ ಏನೂ ಮಾಡಲು ಆಗುವುದಿಲ್ಲ.

ಹಾಗಾದರೆ ಗುಂಡಿಗಳ ರಸ್ತೆಗೆ ಸ್ಪೋರ್ಟ್ ಒಳ್ಳೆಯದಾ ಅಂತ ಕೇಳಬೇಡಿ. ಒಂದು ಗುಂಡಿಯ ಆ 36 ಮಿಲಿಸೆಕೆಂಡಿಗೆ ಬಿಗಿ ಒಳ್ಳೆಯದು, ಮಿಕ್ಕ ರಸ್ತೆಗೆ ಸಡಿಲ ಒಳ್ಳೆಯದು. ಹೀಗೆ ಕ್ಷಣಕ್ಕೊಂದು ಬದಲಿಸುವ ಕೆಲಸವನ್ನು ಕಂಪ್ಯೂಟರ್‌ಗೇ ಬಿಡಬೇಕು, ಅದಕ್ಕೆ ಹೆಚ್ಚು ಅವಕಾಶ ಕೊಡುವುದು ಕಂಫರ್ಟ್ ಅಥವಾ ನಾರ್ಮಲ್ ಮೋಡ್. ಸ್ಪೋರ್ಟ್ ಹಾಕಿದಾಗ ನೀವು ಅದರ ಒಂದು ಕೈಯನ್ನು ಕಟ್ಟಿದ ಹಾಗೆ, ಸಡಿಲ ಮಾಡಬೇಡ ಅಂತ. ಮರ್ಸಿಡಿಸ್ 2013ರಲ್ಲಿ ಎಸ್ ಕ್ಲಾಸ್ ಕಾರಿಗೆ ಇನ್ನೊಂದು ಹೆಜ್ಜೆ ಹಾಕಿತು. ಗಾಜಿನ ಹಿಂದೆ ಎರಡು ಕಣ್ಣಿನ ಕ್ಯಾಮೆರಾ ಇಟ್ಟು ಮುಂದಿನ 15 ಮೀಟರ್ ರಸ್ತೆಯನ್ನು ಓದಿ ಸಸ್ಪೆನ್ಷನ್ ಮೊದಲೇ ತಯಾರಾಗುವಂತೆ ಮಾಡಿತು. ಅದು ಚಕ್ರವನ್ನು ತಡೆಯುವುದಷ್ಟೇ ಅಲ್ಲ, ತಾನೇ ಪಂಪ್ ಒತ್ತಡದಿಂದ ಮೈಯನ್ನು ಎತ್ತಿ ಇಳಿಸಬಲ್ಲದು. ನಮ್ಮ ನಿಮ್ಮ ಮೋಡ್ ಬಟನ್ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ತಡೆಯಬಲ್ಲ ಡ್ಯಾಂಪರ್ ಮಾತ್ರ, ತಳ್ಳುವ ಶಕ್ತಿ ಅದಕ್ಕಿಲ್ಲ. ಲಗಾಮು ಇದೆ, ಕುದುರೆ ಇಲ್ಲ.

ಹಾಗಾದರೆ ಬಟನ್ ಮುಟ್ಟಲೇಬಾರದಾ? ಹಾಗಲ್ಲ. ಕಂಪ್ಯೂಟರ್‌ಗಿಂತ ನಮಗೆ ಜಾಸ್ತಿ ಗೊತ್ತಿರುವ ಸಂದರ್ಭಗಳು ಕೆಲವು ಇವೆ.

ಭಾರದ್ದು ಮೊದಲನೆಯದು. ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿದಾಗ ಅದೇ ಡ್ಯಾಂಪರ್ ಆ ಹೆಚ್ಚಿನ ಭಾರಕ್ಕೆ ಸಾಲದು. ಒಬ್ಬರೇ ಓಡಿಸುವಾಗ ಹಿತವಾಗಿದ್ದ ಕಂಫರ್ಟ್ ಮೋಡ್ ಈಗ ಹಂಪ್ ದಾಟಿದ ಮೇಲೂ ಎರಡು ಮೂರು ಸಲ ತೂಗುತ್ತದೆ. ಹಿಂಭಾಗ ಕೂತು ಏಳುವುದು ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಆಗ ಒಂದು ಹಂತ ಬಿಗಿ ಮಾಡಿದರೆ ಸರಿಹೋಗುತ್ತದೆ. ಮನೆಮಂದಿಯೆಲ್ಲ ಹೊರಟಾಗ ಸ್ಪೋರ್ಟ್ ಹಾಕುವುದು ವಿಚಿತ್ರ ಅನ್ನಿಸಬಹುದು, ಆದರೆ ಡ್ಯಾಂಪರ್ ಮಟ್ಟಿಗೆ ಅದು ಸರಿಯಾದ ಕೆಲಸ. ಇಂಜಿನ್ ಮಾತ್ರ ನಾರ್ಮಲ್‌ನಲ್ಲೇ ಇರಲಿ.

ಹೆದ್ದಾರಿಯಲ್ಲಿ ಮೇಲೆ ಹೇಳಿದ ಉದ್ದದ ಅಲೆಗಳು ಬಂದಾಗಲೂ ಅಷ್ಟೇ. ಅಡ್ಡಗಾಳಿ ಜೋರಾಗಿದ್ದರೂ ಅಷ್ಟೇ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಉಲ್ಟಾ: ಇಡೀ ಸ್ಪೋರ್ಟ್ ಮೂಟೆಯನ್ನೇ ಪಕ್ಕಕ್ಕಿಡಿ, ಚುರುಕಾದ ಆಕ್ಸಿಲರೇಟರ್ ಮತ್ತು ಬಿಗಿಯಾದ ಡ್ಯಾಂಪರ್ ಎರಡೂ ಜಾರುವ ರಸ್ತೆಗೆ ಹೊಂದುವುದಿಲ್ಲ.

ಬೆಟ್ಟದ ಸುತ್ತು ದಾರಿಯಲ್ಲಿ ಮಕ್ಕಳಿಗೆ ವಾಂತಿ ಬರುತ್ತದಲ್ಲ, ಅದರ ಲೆಕ್ಕ ಬೇರೆ. ಮೈಗೆ ಕಿರಿಕಿರಿ ಮಾಡುವ ಕುಲುಕಾಟ ಸೆಕೆಂಡಿಗೆ 4ರಿಂದ 8 ಸಲದ್ದು. ನಮ್ಮ ದೇಹ ಮೇಲೆ ಕೆಳಗಿನ ಅಲುಗಾಟದಲ್ಲಿ ಅತಿ ಹೆಚ್ಚು ಗಮನಿಸುವುದು ಅದನ್ನೇ. ಆದರೆ ಹೊಟ್ಟೆ ತೊಳಸುವುದು ಅದರಿಂದಲ್ಲ. ತೊಳಸುವುದು ಸೆಕೆಂಡಿಗೆ ಅರ್ಧ ಸಲಕ್ಕಿಂತ ನಿಧಾನದ ತೂಗಾಟದಿಂದ, ಹಡಗಿನಲ್ಲಿ ಆಗುವಂಥದ್ದು. ತಿರುವು, ಬ್ರೇಕ್, ಮತ್ತೆ ತಿರುವು ಅಂತ ಸಾಗುವಾಗ ಅಂಥ ನಿಧಾನದ ತೂಗಾಟ ಹೇಗೂ ಇರುತ್ತದೆ, ಅದರ ಮೇಲೆ ತೀರಾ ಮೆತ್ತಗಿನ ಕಾರು ತಾನೂ ವಾಲಾಡಿದರೆ ಕೇಳುವುದೇ ಬೇಡ. ಇಂಥ ಕಡೆ ನಾನು ಮಧ್ಯದ ಮಟ್ಟ ಇಟ್ಟುಕೊಳ್ಳುತ್ತೇನೆ. ಬ್ರೇಕ್ ಮೇಲಿನ ಕಾಲು ಮೆಲ್ಲಗಿದ್ದರೆ ಮೋಡ್‌ಗಿಂತ ಜಾಸ್ತಿ ಕೆಲಸ ಆಗುತ್ತದೆ, ಅದು ಬೇರೆ ಮಾತು.

ಏರ್ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಮೋಡ್‌ಗೆ ಇನ್ನೊಂದು ಅರ್ಥವೂ ಇದೆ: ಎತ್ತರ. ಕೆಟ್ಟ ದಾರಿಗೆ ಕಾರನ್ನು ಎತ್ತಬಹುದು, ವೇಗ ಹೆಚ್ಚಾದಾಗ ಅದು ತಾನೇ ತಗ್ಗುತ್ತದೆ. ಕೆಲವು ಕಾರುಗಳಲ್ಲಿ ಗಾಳಿಯ ಕೋಣೆಗಳು ಎರಡು ಮೂರು ಇರುತ್ತವೆ, ಕೆಲವನ್ನು ಮುಚ್ಚಿದರೆ ಸ್ಪ್ರಿಂಗೇ ಬಿಗಿಯಾಗುತ್ತದೆ. ಆಗ ಮೇಲೆ ಹೇಳಿದ ದುಂಡನೆ ರ‍್ಯಾಂಪ್‌ನಲ್ಲೂ ವಾಲುವುದು ನಿಜಕ್ಕೂ ಕಡಿಮೆಯಾಗುತ್ತದೆ. ಅದಕ್ಕೇ ಕಾರು ಕೊಳ್ಳುವಾಗ "ಮೋಡ್ ಎಷ್ಟಿವೆ" ಅಂತ ಕೇಳುವುದಕ್ಕಿಂತ "ಮೋಡ್ ಬದಲಿಸಿದರೆ ಏನೇನು ಬದಲಾಗುತ್ತದೆ" ಅಂತ ಕೇಳಬೇಕು.

ಎಷ್ಟೋ ಕಾರುಗಳಲ್ಲಿ ಇಕೋ, ನಾರ್ಮಲ್, ಸ್ಪೋರ್ಟ್ ಅಂತ ಮೂರು ಬಟನ್ ಇರುತ್ತವೆ, ಆದರೆ ಡ್ಯಾಂಪರ್ ಮಾಮೂಲಿಯದೇ. ಸ್ಪೋರ್ಟ್ ಹಾಕಿದಾಗ ಕಾರು ಬಿಗಿಯಾಯಿತು ಅನ್ನಿಸುವುದು ಸುಮ್ನೆ ಸ್ಟಿಯರಿಂಗ್ ಭಾರವಾದ್ದರಿಂದ. ಪತ್ತೆ ಮಾಡಲು ಸುಲಭದ ದಾರಿ ಇದೆ. ಚಕ್ರದ ಹಿಂದೆ ಬಗ್ಗಿ ನೋಡಿ, ಡ್ಯಾಂಪರ್‌ಗೆ ವೈರು ಬಂದು ಸೇರಿದ್ದರೆ ಎಲೆಕ್ಟ್ರಾನಿಕ್. ಇಲ್ಲದಿದ್ದರೆ ಅದು ಬಹುತೇಕ ಮಾಮೂಲಿ. ಇನ್ನೂ ಒಂದು ಪರೀಕ್ಷೆ: ನಿಮಗೆ ಚೆನ್ನಾಗಿ ಗೊತ್ತಿರುವ ಕೆಟ್ಟ ರಸ್ತೆಯಲ್ಲಿ ಒಂದೇ ವೇಗದಲ್ಲಿ ಎರಡು ಸಲ ಹೋಗಿ, ಎರಡು ಮೋಡಿನಲ್ಲಿ. ಓಡಿಸುವುದು ಬೇರೆಯವರಿಗೆ ಬಿಡಿ, ನೀವು ಹಿಂದೆ ಕೂರಿ, ಯಾವ ಮೋಡ್ ಅಂತ ಅವರು ಹೇಳದಿರಲಿ. ಸ್ಟಿಯರಿಂಗ್ ಕೈಯಲ್ಲಿದ್ದರೆ ಮೋಸ ಹೋಗುವುದು ಸುಲಭ, ಹಿಂದಿನ ಸೀಟು ಸುಳ್ಳು ಹೇಳುವುದಿಲ್ಲ.

ಎಲೆಕ್ಟ್ರಿಕ್ ಕಾರುಗಳಿಂದ ಈ ವಿಷಯಕ್ಕೆ ಈಗ ಇನ್ನಷ್ಟು ತೂಕ ಬಂದಿದೆ, ಅಕ್ಷರಶಃ. ಬ್ಯಾಟರಿಯೇ ನೂರಾರು ಕಿಲೋ ತೂಗುತ್ತದೆ. ಭಾರ ಹೊರಲು ಸ್ಪ್ರಿಂಗ್ ಬಿಗಿಯಾಗಬೇಕು, ಅದನ್ನು ಹಿಡಿಯಲು ಡ್ಯಾಂಪರ್ ಬಿಗಿಯಾಗಬೇಕು, ಮೇಲೆ ದೊಡ್ಡ ಚಕ್ರ, ತೆಳ್ಳಗಿನ ಟೈರ್. ಸಣ್ಣ ಕುಲುಕಾಟ ನೇರ ಬೆನ್ನಿಗೆ ಬರುತ್ತದೆ, ಇಂಜಿನ್ ಸದ್ದೂ ಇಲ್ಲದ್ದರಿಂದ ಒಂದೊಂದು ಏಟೂ ಕೇಳಿಸುತ್ತದೆ. ಇಂಥ ಕಾರುಗಳಿಗೆ ಎಲೆಕ್ಟ್ರಾನಿಕ್ ಡ್ಯಾಂಪರ್ ಶೋಕಿ ಅಲ್ಲ, ಬಹುಪಾಲು ಅಗತ್ಯ.

ಇದೇ ಹೊತ್ತಿಗೆ ಎರಡು ಕೆಟ್ಟ ಅಭ್ಯಾಸಗಳೂ ಶುರುವಾಗಿವೆ. ಒಂದು, ಮೋಡ್ ಬದಲಿಸುವುದನ್ನು ಟಚ್‌ಸ್ಕ್ರೀನಿನ ಮೂರನೇ ಪುಟದಲ್ಲಿ ಹೂತಿಡುವುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಕಾರು 33 ಮೀಟರ್ ಕುರುಡಾಗಿ ಓಡಿರುತ್ತದೆ. ಯುರೋಪಿನಲ್ಲಿ ಹೊಸ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ತನ್ನ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್‌ನಂಥ ಕೆಲವಕ್ಕೆ ನಿಜವಾದ ಬಟನ್ ಇರಬೇಕು ಅಂದಿದೆ, ಸಸ್ಪೆನ್ಷನ್ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಕಾರಿನ ಸ್ಟಿಯರಿಂಗ್ ಮೇಲೆ ಬೇಕಾದ ಕೆಲಸ ಕೊಡಬಹುದಾದ ಬಟನ್ ಇದ್ದರೆ ಅದಕ್ಕೆ ಇದನ್ನು ಕಟ್ಟಿಬಿಡಿ. ಎರಡನೆಯದು ಬಾಡಿಗೆ. ಬಿಎಂಡಬ್ಲ್ಯು 2022ರಲ್ಲಿ ಬಿಸಿ ಸೀಟಿಗೆ ತಿಂಗಳ ಚಂದಾ ಕೇಳಿ ಬೈಸಿಕೊಂಡು ಮುಂದಿನ ವರ್ಷ ಅದನ್ನು ಕೈಬಿಟ್ಟಿದ್ದು ನೆನಪಿರಬಹುದು. ಸಸ್ಪೆನ್ಷನ್‌ಗೂ ಅದೇ ದಾರಿ ತೆರೆದಿದೆ. ಡ್ಯಾಂಪರ್, ವೈರು, ಸೆನ್ಸರ್ ಎಲ್ಲವನ್ನೂ ಕಾರಿನಲ್ಲಿ ಹೊತ್ತು ತಿರುಗುತ್ತಾ, ಅವು ಬಿಗಿ ಸಡಿಲ ಆಗಲು ಮತ್ತೆ ದುಡ್ಡು ಕೊಡುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ರಿಪೇರಿಯ ಬಗ್ಗೆ ಒಂದು ಮಾತು. ಇಂಥ ಡ್ಯಾಂಪರ್ ಸೋರಲು ಶುರುವಾದರೆ ಬದಲಿಸುವ ಖರ್ಚು ಮಾಮೂಲಿಗಿಂತ ಎಷ್ಟೋ ಪಟ್ಟು. ಹಳೆಯ ಕಾರು ಕೊಂಡವರು ಬಹಳ ಸಲ ಮಾಮೂಲಿ ಡ್ಯಾಂಪರ್ ಹಾಕಿಸಿಬಿಡುತ್ತಾರೆ. ಕಾರು ಓಡುತ್ತದೆ, ಆದರೆ ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ, ಕಂಪ್ಯೂಟರ್‌ಗೆ ಬೇರೆಯಾಗಿ ತಿಳಿಸಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಮೋಡ್ ಬಟನ್ ಒತ್ತಿ ನೋಡಿದರೆ ಸಾಲದು, ಡ್ಯಾಂಪರ್ ಮೇಲೆ ಎಣ್ಣೆಯ ಜಿಡ್ಡು ಇದೆಯಾ ಅಂತ ಕೈಯಾಡಿಸಿ ನೋಡಿ. ಟೈರಿನ ಗಾಳಿಯನ್ನೂ ನೋಡಿ. ಗಾಳಿ ಜಾಸ್ತಿ ತುಂಬಿದ ಟೈರ್ ಇದ್ದರೆ ಯಾವ ಕಂಫರ್ಟ್ ಮೋಡೂ ಕಂಫರ್ಟ್ ಅನ್ನಿಸುವುದಿಲ್ಲ.

ಅವತ್ತು ವಾಪಸ್ ಬರುವಾಗ ಅದೇ ತೇಪೆಗಳ ಸಾಲು ಮತ್ತೆ ಬಂತು. ಗೆಳೆಯನಿಗೆ ಹೇಳಿ ಡ್ಯಾಂಪರ್ ಒಂದನ್ನೇ ಕಂಫರ್ಟ್‌ಗೆ ಹಾಕಿಸಿದೆ, ಇಂಜಿನ್ ಸ್ಪೋರ್ಟ್‌ನಲ್ಲೇ ಇರಲಿ ಅಂದೆ, ಅವನಿಗೆ ಬೇಕಾಗಿದ್ದ ಸದ್ದು ಹೋಗಬಾರದಲ್ಲ. ವೇಗ ಮೊದಲಿನಷ್ಟೇ ಇತ್ತು. ತೇಪೆಗಳು ಈಗ ಕಾಲ ಕೆಳಗೆ ಗುಡುಗುಡು ಅನ್ನುವ ಸದ್ದಾಗಿ ಹೋದವು. ಸೀಟು ಒದೆಯಲಿಲ್ಲ. ಅರ್ಧ ದಾರಿಗೆ ಹುಡುಗಿ ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಸೀಟಿನ ಸಂದಿಗೆ ಹೋಗಿದ್ದ ಫೋನ್ ಮಾತ್ರ ಇಳಿಯುವವರೆಗೂ ಕೈಗೆ ಸಿಗಲಿಲ್ಲ.